ಮೋಡ ತೋರಿದ ಸುಳ್ಳು ದಿಗಂತ

ಕಡಲ ತೀರದಲ್ಲಿ ನಿಂತು ದೂರದ ಹಡಗನ್ನು ನೋಡಿದ್ದೀರಾ? ಅದರ ಕಂಬದ ತುದಿ ದಿಗಂತದ ಗೆರೆಗಿಂತ ಮೇಲೆ ಕಂಡರೆ, ಅದು ನಿಮ್ಮ ಕಣ್ಣಿಗಿಂತ ಎತ್ತರದಲ್ಲಿದೆ ಎಂದು ತಿಳಿಯಬಹುದು. ಗೆರೆಯ ಮಟ್ಟದಲ್ಲೇ ಕಂಡರೆ ಹೆಚ್ಚುಕಡಿಮೆ ನಿಮ್ಮ ಕಣ್ಣಿನಷ್ಟೇ ಎತ್ತರ. ಈ ಲೆಕ್ಕವನ್ನು ನಮ್ಮ ಮಿದುಳು ನಮಗರಿವಿಲ್ಲದೆಯೇ ಮಾಡುತ್ತಿರುತ್ತದೆ. ಆದರೆ ದಿಗಂತವೇ ಸುಳ್ಳಾಗಿದ್ದರೆ?

1965ರ ಡಿಸೆಂಬರ್ 4ರ ಸಂಜೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹೀಗೇ ಆಯಿತು. ಈಸ್ಟರ್ನ್ ಏರ್‌ಲೈನ್ಸ್‌ನ ಕಾನ್‌ಸ್ಟಲೇಷನ್ ವಿಮಾನವು ಬಾಸ್ಟನ್‌ನಿಂದ ನ್ಯೂವಾರ್ಕ್‌ಗೆ 10,000 ಅಡಿ ಎತ್ತರದಲ್ಲಿ ಹೊರಟಿತ್ತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬರುತ್ತಿದ್ದ ಟಿ.ಡಬ್ಲ್ಯು.ಎ. ಸಂಸ್ಥೆಯ ಬೋಯಿಂಗ್ 707 ವಿಮಾನಕ್ಕೆ ಗೊತ್ತುಪಡಿಸಿದ್ದ ಎತ್ತರ 11,000 ಅಡಿ. ನಡುವೆ 1,000 ಅಡಿಗಳ ಸುರಕ್ಷಿತ ಅಂತರವಿತ್ತು.

ಕೆಳಗೆ ಹರಡಿದ್ದ ಮೋಡಗಳ ಮೇಲ್ಮೈ ಮಾತ್ರ ಸಮತಟ್ಟಾಗಿರಲಿಲ್ಲ. ಇಳಿಜಾರು ಗುಡ್ಡದಂತೆ ಒಂದು ಕಡೆಗೆ ಏರುತ್ತ ಹೋಗಿತ್ತು. ಮೋಡದಿಂದ ಹೊರಬಂದ ಕಾನ್‌ಸ್ಟಲೇಷನ್ ಚಾಲಕರಿಗೆ ಆ ಏರಿದ ಅಂಚೇ ದಿಗಂತವೆನಿಸಿತು. ಅದರ ಮಟ್ಟದಲ್ಲಿ ಕಂಡ ಬೋಯಿಂಗ್, ತಮ್ಮ ಎತ್ತರದಲ್ಲೇ ಎದುರು ಬರುತ್ತಿದೆ ಎಂದು ತೋರಿತು. ತಪ್ಪಿಸಿಕೊಳ್ಳಲು ತಮ್ಮ ವಿಮಾನವನ್ನು ಮೇಲಕ್ಕೆಳೆದರು. ಬೋಯಿಂಗ್ ಚಾಲಕರೂ ತಪ್ಪಿಸಿಕೊಳ್ಳಲು ಹೆಣಗಿದರು. ಅಷ್ಟರಲ್ಲಿ ಬೋಯಿಂಗ್‌ನ ಎಡ ರೆಕ್ಕೆ ಇನ್ನೊಂದರ ಬಾಲಕ್ಕೆ ಬಡಿಯಿತು.

ರೆಕ್ಕೆಯ ತುದಿ ಕಳೆದುಕೊಂಡ ಬೋಯಿಂಗ್ ತನ್ನ 58 ಜನರೊಡನೆ ಕ್ಷೇಮವಾಗಿ ಇಳಿಯಿತು. ಕಾನ್‌ಸ್ಟಲೇಷನ್‌ನ ಕ್ಯಾಪ್ಟನ್ ಚಾರ್ಲ್ಸ್ ವೈಟ್, ಎಂಜಿನ್‌ಗಳ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುತ್ತಲೇ ವಿಮಾನವನ್ನು ಒಂದು ಗುಡ್ಡದ ಹೊಲದ ಮೇಲೆ ಇಳಿಸಿದರು. ಅದರಲ್ಲಿದ್ದ 54 ಜನರಲ್ಲಿ 50 ಮಂದಿ ಬದುಕುಳಿದರು. ಸಿಕ್ಕಿಬಿದ್ದ ಪ್ರಯಾಣಿಕನೊಬ್ಬನನ್ನು ಬಿಡಿಸಲು ಉರಿಯುವ ವಿಮಾನದೊಳಕ್ಕೆ ಹೋದ ವೈಟ್ ಮರಳಿ ಬರಲಿಲ್ಲ.

ಮೋಡದ ಇಳಿಜಾರು ಉಂಟುಮಾಡಿದ ದೃಷ್ಟಿಭ್ರಮೆಯೇ ಕಾರಣವೆಂದು ತನಿಖೆ ತೀರ್ಮಾನಿಸಿತು. ಚಾಲಕರಿಗೆ ತಮ್ಮ ಎತ್ತರವನ್ನು ತೋರಿಸುವ ಮಾಪಕವಿತ್ತು. ಎದುರಿನ ವಿಮಾನದ ಎತ್ತರವನ್ನು ಅಳೆಯಲು ಕಣ್ಣಲ್ಲದೆ ಬೇರೆ ಸಾಧನವಿರಲಿಲ್ಲ. ಮುಂದೆ ಆ ಕೊರತೆಯನ್ನು ಟಿಕ್ಯಾಸ್ ಎಂಬ ಉಪಕರಣ ತುಂಬಿತು. ಅದು ಸಮೀಪದ ವಿಮಾನಗಳ ಎತ್ತರವನ್ನು ರೇಡಿಯೊ ಸಂಕೇತಗಳಿಂದ ತಿಳಿದು, ಡಿಕ್ಕಿಯ ಅಪಾಯವಿದ್ದರೆ ಏರಬೇಕೋ ಇಳಿಯಬೇಕೋ ಎಂದು ಚಾಲಕನಿಗೆ ಹೇಳುತ್ತದೆ.

ಉಪಕರಣವೊಂದೇ ಸಾಲದು, ಅದನ್ನು ನಂಬುವ ಮನಸ್ಸೂ ಬೇಕು. ಅದಕ್ಕಾಗಿಯೇ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ, ಇಂಥ ಭ್ರಮೆಗಳನ್ನು ನೆಲದ ಮೇಲೆಯೇ ಉಂಟುಮಾಡಿ ಚಾಲಕರಿಗೆ ತರಬೇತಿ ಕೊಡುತ್ತಾರೆ. ಎಷ್ಟೇ ನುರಿತವರಾದರೂ ಕಣ್ಣು ಮೋಸಹೋಗಬಲ್ಲದು ಎಂಬುದನ್ನು ಅವರು ಅಲ್ಲಿ ಅನುಭವದಿಂದ ಕಲಿಯುತ್ತಾರೆ. ಆಕಾಶದಲ್ಲಿ ಆ ಅರಿವೇ ಪ್ರಾಣ ಕಾಯುತ್ತದೆ.