ಕೈಗುಣ ಬರುವುದು ವಾರ್ಡಿನಲ್ಲಿ

ಹರಿಹರದ ಬಳಿ ಹೆದ್ದಾರಿಯಲ್ಲಿ ಅಪಘಾತವಾದರೆ ಗಾಯಾಳುವನ್ನು ದಾವಣಗೆರೆಗೆ ಕರೆತರುವುದು ವಾಡಿಕೆ. ಅಲ್ಲಿ ಅವನನ್ನು ಮೊದಲು ಮುಟ್ಟುವ ಕೈ ತಜ್ಞ ವೈದ್ಯರದೇ ಆಗಿರಬೇಕೆಂದಿಲ್ಲ. ನರ್ಸ್, ವಿದ್ಯಾರ್ಥಿ ಅಥವಾ ಸಹಾಯಕರದೂ ಇರಬಹುದು. ಆ ಕೈ ಪಳಗುವುದೆಲ್ಲಿ?

ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಕಾಲೇಜು ಖಾಸಗಿಯದಾದರೂ ಸರ್ಕಾರಿ ಚಿಗಟೇರಿ ಆಸ್ಪತ್ರೆಯ ವಾರ್ಡುಗಳೂ ಅದರ ವಿದ್ಯಾರ್ಥಿಗಳಿಗೆ ಪಾಠಶಾಲೆಯಾದವು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜಿನ್ ಸ್ಟೆಡ್, ವೈದ್ಯರ ಕೊರತೆ ನೀಗಲೆಂದು, ವೈದ್ಯ ಸಹಾಯಕರ ಕೋರ್ಸು ತೆರೆದರು. ಮೊದಲ ತಂಡದ ನಾಲ್ವರೂ ನೌಕಾಪಡೆಯಲ್ಲಿ ಶುಶ್ರೂಷೆ ಮಾಡಿ ಬಂದವರು. ಅನುಭವಕ್ಕೆ ಅಲ್ಲಿ ಪಾಠದಷ್ಟೇ ಬೆಲೆ.

ಈ ಕೋರ್ಸು ಭಾರತಕ್ಕೆ ಬಂದದ್ದು 1992ರಲ್ಲಿ, ಮದರಾಸಿನ ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಮೂಲಕ. ತುರ್ತು ವೈದ್ಯಕೀಯಕ್ಕೆ 2009ರಲ್ಲಿ ಪ್ರತ್ಯೇಕ ವಿಭಾಗದ ಮಾನ್ಯತೆ ದೊರೆಯಿತು. 2021ರ ಕೇಂದ್ರ ಕಾಯ್ದೆ ವೈದ್ಯ ಸಹಾಯಕರನ್ನೂ ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿತು.

ಆದರೆ ಕಾಯ್ದೆ ಹೆಸರು ಕೊಟ್ಟೀತು, ಕೈಗುಣವನ್ನಲ್ಲ. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಬಳಿಕ ರಕ್ತಚಲನೆ ನೋಡಬೇಕೆಂದು ಪುಸ್ತಕ ಹೇಳುತ್ತದೆ. ಎದುರಿಗೆ ಮನುಷ್ಯ ನರಳುತ್ತಿರುವಾಗಲೂ ಆ ಕ್ರಮ ತಪ್ಪದಿರುವುದನ್ನು ಕಲಿಸುವುದು ರೋಗಿಯ ಹಾಸಿಗೆಯ ಬದಿ. ಆಗ ಪಕ್ಕದಲ್ಲಿ ಹಿರಿಯರೊಬ್ಬರು ನಿಂತಿರಲೇಬೇಕು. ಕಲಿಯುವವರ ತಪ್ಪಿಗೆ ರೋಗಿ ಬೆಲೆ ತೆರುವಂತಾಗಬಾರದಲ್ಲವೇ?