ಸಮುದ್ರವಿಲ್ಲದ ಊರಿಗೆ ಹಡಗಿನಲ್ಲಿ ಬಂದವರು

ಪುಣೆಗೆ ಸಮುದ್ರವಿಲ್ಲ. ಇರುವುದು ಮುಳಾ, ಮುಠಾ ಎಂಬ ಎರಡು ಹೊಳೆ. ಆದರೂ ಇಲ್ಲಿ ನೆಲೆ ನಿಂತ ಹಳೆಯ ಕರಾವಳಿ ಮನೆತನಗಳಲ್ಲಿ ‘ನಿಮ್ಮ ಹಿರಿಯರು ಈ ಊರಿಗೆ ಹೇಗೆ ಬಂದರು?’ ಅಂತ ಕೇಳಿ ನೋಡಿ, ‘ಹಡಗಿನಲ್ಲಿ’ ಅನ್ನುತ್ತಾರೆ. ಹಡಗು ಬಂದು ನಿಂತದ್ದು ಮುಂಬಯಿಯಲ್ಲಿ, ಪುಣೆಗೆ ತಂದದ್ದು ರೈಲು. ಆ ರೈಲು, ಬೋರ್ ಘಾಟಿನ ಸುರಂಗಗಳು, ಖಂಡಾಲದ ಚಳಿ ಇವು ಯಾವುವೂ ಕತೆಯೊಳಗೆ ಬರುವುದೇ ಇಲ್ಲ.

ಹಡಗೇ ಯಾಕೆ ಅನ್ನುವುದಕ್ಕೆ ಭೂಪಟ ಬಿಡಿಸಬೇಕು. ಮಂಗಳೂರಿಗೆ ರೈಲು 1907ರಲ್ಲೇ ಬಂತು, ಆದರೆ ಮದ್ರಾಸಿನ ಕಡೆಯಿಂದ. ಅದನ್ನು ಹಿಡಿದು ಪುಣೆಗೆ ಬರಬೇಕೆಂದರೆ ಪಾಲಕ್ಕಾಡು, ಸೇಲಂ, ಅರಕ್ಕೋಣಂ, ಗುಂತಕಲ್ಲು, ರಾಯಚೂರು, ಸೊಲ್ಲಾಪುರ ಅಂತ ದಕ್ಷಿಣ ಭಾರತಕ್ಕೇ ಒಂದು ಪ್ರದಕ್ಷಿಣೆ. ಇನ್ನೊಂದು ದಾರಿ ಆಗುಂಬೆ ಘಟ್ಟ ಹತ್ತಿ ಶಿವಮೊಗ್ಗ, ಹುಬ್ಬಳ್ಳಿ, ಮೀರಜ್. ಕಡಲ ಬದಿಯಲ್ಲೇ ಬಡಗಿಗೆ ಹೋಗೋಣವೆಂದರೆ ದಾರಿಯುದ್ದಕ್ಕೂ ಹೊಳೆಗಳು, ಸೇತುವೆಯಿಲ್ಲದ ಕಡೆಯೆಲ್ಲ ಕಡವಿನಲ್ಲಿ ದೋಣಿ ಕಾಯಬೇಕು. ಅದಕ್ಕಿಂತ ಸ್ಟೀಮರ್ ಹತ್ತಿ ಮುಂಬಯಿಗೆ ಹೋಗಿ, ಅಲ್ಲಿಂದ 192 ಕಿಲೋಮೀಟರ್ ರೈಲಿನಲ್ಲಿ ಇತ್ತ ಬರುವುದೇ ವಾಸಿ. ಮುಂಬಯಿಯಲ್ಲಿ ಹೇಗೂ ಊರಿನವರ ಹೋಟೆಲು ಇರುತ್ತಿತ್ತು, ಮಲಗಲಿಕ್ಕೆ ಒಂದು ಬೆಂಚು ಸಿಗುತ್ತಿತ್ತು.

ಮಂಗಳೂರಿನ ಹಳೆ ಬಂದರಿನೊಳಗೆ ದೊಡ್ಡ ಹಡಗು ಬರುತ್ತಿರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲಿಗೆ ಬೀಳುವ ಅಳಿವೆಯಲ್ಲಿ ಮರಳು ತುಂಬಿ ಆಳ ಸಾಲದು. ಪಣಂಬೂರಿನ ಹೊಸ ಬಂದರು ತೆರೆದದ್ದು 1974ರಲ್ಲಿ, ಅಷ್ಟು ಹೊತ್ತಿಗೆ ಈ ನಮ್ಮ ಕತೆಯೇ ಮುಗಿಯುತ್ತ ಬಂದಿತ್ತು. ಹಾಗಾಗಿ ಸ್ಟೀಮರ್ ದೂರದಲ್ಲಿ ಲಂಗರು ಹಾಕಿ ನಿಲ್ಲುವುದು, ಜನ ಮಚ್ವೆಯಲ್ಲಿ ಕೂತು ಅದರ ಹತ್ತಿರ ಹೋಗುವುದು. ಮಚ್ವೆ ಏಳುತ್ತ ಬೀಳುತ್ತ ಇರುವಾಗ ಏಣಿ ಹಿಡಿದು ಹತ್ತಬೇಕು. ಮಕ್ಕಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಮಾತಾಡಿಸಿದ ಅಜ್ಜಿಯಂದಿರೆಲ್ಲ ನಿಂತು ಹೇಳುವುದು ಈ ಗಳಿಗೆಯನ್ನೇ. ‘ಮಗುವನ್ನು ಖಲಾಸಿ ಕೈಗೆ ಕೊಟ್ಟೆ ಮಾರಾಯ್ರೆ, ಅವನು ಯಾರೋ ಏನೋ, ನಾನು ಮೇಲೆ ಹತ್ತುವವರೆಗೆ ಜೀವ ಇರಲಿಲ್ಲ’ ಅಂತ ಒಬ್ಬರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಗಂಡಸರ ಕತೆ ಬೇರೆ. ಅವರಲ್ಲಿ ಅನೇಕರು ಹನ್ನೆರಡು ಹದಿಮೂರರ ಹುಡುಗರಾಗಿದ್ದಾಗಲೇ ಹೊರಟವರು, ಕೆಲವರು ಮನೆಯಲ್ಲಿ ಹೇಳದೆ. ಡೆಕ್ಕಿನ ಮೇಲೆ ಚಾಪೆ, ಗಂಟಿನಲ್ಲಿ ಅವಲಕ್ಕಿ ಬೆಲ್ಲ. ಹಡಗು ಬಂದರು ಬಂದರಿಗೆ ನಿಂತು ಮತ್ತಷ್ಟು ಜನರನ್ನು ತುಂಬಿಸಿಕೊಳ್ಳುವುದು. ಅದೊಂದು ವಿಚಿತ್ರ ಸಭೆ: ಬಂಟರು, ಬಿಲ್ಲವರು, ಮೊಗವೀರರು, ಕೊಂಕಣಿಗಳು, ಬ್ಯಾರಿಗಳು, ಕ್ರೈಸ್ತರು, ಭಟ್ಟರು ಎಲ್ಲ ಒಂದೇ ಹಲಗೆಯ ಮೇಲೆ. ಮಡಿಯವರು ಹಡಗಿನ ನೀರು ಮುಟ್ಟದೆ ಎರಡು ದಿನ ಕಳೆದರಂತೆ. ವಾಂತಿ ಶುರುವಾದ ಮೇಲೆ ಮಡಿ ಎಷ್ಟು ಉಳಿಯಿತು ಅಂತ ಯಾರೂ ಹೇಳುವುದಿಲ್ಲ.

ಆದರೆ ಒಂದೇ ಹಲಗೆಯ ಮೇಲೆ ಕೂತವರು ಒಂದೇ ರಾಜ್ಯದವರಲ್ಲ. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದ್ದು, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನದ್ದು. ಕಾರವಾರದವನು ತನ್ನ ಪ್ರಾಂತ್ಯದೊಳಗೇ ಪ್ರಯಾಣ ಮಾಡಿದ, ಉಡುಪಿಯವನು ಪರಪ್ರಾಂತ್ಯಕ್ಕೆ ಬಂದ. ಪುಣೆಯ ಜನ ಉಡುಪಿಯವರನ್ನು ‘ಮದ್ರಾಸಿ’ ಅಂದರೆ ನಮಗೆ ಸಿಟ್ಟು ಬರುತ್ತದೆ, ಆದರೆ ಆ ಕಾಲಕ್ಕೆ ಅದು ಕಾಗದದ ಪ್ರಕಾರ ಸರಿಯೇ. ಫರ್ಗ್ಯುಸನ್ ಕಾಲೇಜ್ ರಸ್ತೆಯಲ್ಲಿ ಜಗನ್ನಾಥ ಶೆಟ್ಟರು ಬೆಳೆಸಿದ ‘ವೈಶಾಲಿ’ಯ ಹಿಂದಿನ ಹೆಸರು ‘ಮದ್ರಾಸ್ ಹೆಲ್ತ್ ಹೋಮ್’, ‘ರೂಪಾಲಿ’ಯದು ‘ಕೆಫೆ ಮದ್ರಾಸ್’. ಹೆಸರು ಬದಲಾಯಿತು, ದೋಸೆ ತಿನ್ನುವ ಹುಡುಗರಿಗೆ ಇದೆಲ್ಲ ಗೊತ್ತಾಗುವ ದಾರಿಯೂ ಇಲ್ಲ.

ಈಗ ಸ್ವಲ್ಪ ತಕರಾರು. ಎಲ್ಲರೂ ಹಡಗಿನಲ್ಲೇ ಬಂದರೆ? ‘ಆಟಿ ತಿಂಗಳಲ್ಲಿ, ಜಡಿಮಳೆಯಲ್ಲಿ ನಮ್ಮಜ್ಜ ಹಡಗು ಹತ್ತಿದರು’ ಅಂತ ಹೇಳುವ ಮನೆಗಳಿವೆ. ಅದು ಆಗುವ ಮಾತಲ್ಲ. ಮೇ ಕೊನೆಗೆ ನಿಂತ ಪ್ರಯಾಣಿಕರ ಹಡಗು ಮತ್ತೆ ಹೊರಡುತ್ತಿದ್ದದ್ದು ಮಳೆಗಾಲ ಕಳೆದು ಸೆಪ್ಟೆಂಬರ್ ಹೊತ್ತಿಗೆ. ಮುಂಬಯಿ ಸುತ್ತಲಿನ ಹತ್ತಿರದ ಊರುಗಳಿಗೆ ಮಾತ್ರ ಮಳೆಯಲ್ಲೂ ಓಡಾಟ ಇತ್ತು. ಅದು ಎಂಥ ಅಪಾಯ ಅನ್ನುವುದು 1947ರ ಜುಲೈ 17ರಂದು ಗೊತ್ತಾಯಿತು. ಮುಂಬಯಿಯಿಂದ ರೇವಸಿಗೆ ಹೊರಟ ‘ರಾಮದಾಸ್’ ಅವತ್ತು ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಹಾಗಾಗಿ ಆಟಿಯಲ್ಲಿ ಬಂದ ಅಜ್ಜ ಬಹುಶಃ ಆಗುಂಬೆ ಘಟ್ಟ ಹತ್ತಿ ಬಂದವರು. ಅವರ ಕತೆಗೆ ಹಡಗು ಆಮೇಲೆ ಸೇರಿಕೊಂಡಿದೆ.

ಇದನ್ನು ಸುಳ್ಳು ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಸ್ಸಿನಲ್ಲಿ ಹೋದವನಿಗೆ ಊರು ಒಂದು ತಿರುವಿನಲ್ಲಿ ಮರೆಯಾಗುತ್ತದೆ, ಅಷ್ಟೆ. ಹಡಗಿನಲ್ಲಿ ಹೋದವನಿಗೆ ತೆಂಗಿನ ತೋಟ ಗೆರೆಯಾಗಿ, ಗೆರೆ ಮಸುಕಾಗಿ, ಕೊನೆಗೆ ಬರೀ ನೀರು. ಬಿಟ್ಟುಬಂದದ್ದನ್ನು ಅಷ್ಟು ಹೊತ್ತು ಕಣ್ಣಾರೆ ನೋಡಿದವರ ನೆನಪನ್ನು ಉಳಿದವರೂ ತಮ್ಮದಾಗಿಸಿಕೊಂಡರು ಅಂತ ಕಾಣುತ್ತದೆ.

ನಿಜವಾಗಿ ಹಡಗಿನಲ್ಲಿ ಬಂದವರ ಕತೆಯಲ್ಲಿ ಭಯಕ್ಕೂ ಜಾಗ ಇದೆ. 1961ರ ನವೆಂಬರಿನಲ್ಲಿ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗು ಕಾರವಾರದ ಹತ್ತಿರದ ಅಂಜದೀವ ದ್ವೀಪದ ಪಕ್ಕ ಹಾದುಹೋಗುವಾಗ ದ್ವೀಪದಲ್ಲಿದ್ದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಮುಂದಿನ ತಿಂಗಳೇ ಭಾರತದ ಸೇನೆ ಗೋವೆಗೆ ನುಗ್ಗಿತು. ಹೋಟೆಲಿನ ಕೆಲಸ ಹುಡುಕಿ ಹೊರಟವನ ದಾರಿಯಲ್ಲಿ ಒಂದು ಸಾಮ್ರಾಜ್ಯದ ಕೊನೆಯ ಗುಂಡುಗಳೂ ಇದ್ದವು ನೋಡಿ.

ಅಮೆರಿಕಕ್ಕೆ ಹಡಗಿನಲ್ಲಿ ಬಂದವರ ಮೊಮ್ಮಕ್ಕಳು ಎಲ್ಲಿಸ್ ದ್ವೀಪದ ಪಟ್ಟಿಗಳಲ್ಲಿ ಅಜ್ಜನ ಹೆಸರು ಹುಡುಕುತ್ತಾರೆ. ನಟಾಲಿಗೆ ಮದ್ರಾಸಿನಿಂದ ಹೋದ ಕರಾರು ಕೂಲಿಗಳದ್ದೂ ಹೆಸರು, ಊರು, ಜಾತಿ ದಾಖಲೆಯಲ್ಲಿದೆ. ನಮ್ಮವರದು ದೇಶದೊಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಕಿರಲಿಲ್ಲ, ವಲಸೆ ಕಚೇರಿಯ ಮೆಟ್ಟಿಲು ಹತ್ತಬೇಕಿರಲಿಲ್ಲ. ಟಿಕೀಟು ಹರಿದು ಕೊಟ್ಟರೆ ಆಯಿತು. ಆದ್ದರಿಂದ ಉಳಿದದ್ದು ಬಾಯಿಮಾತು, ಆ ಬಾಯಿಗಳೂ ಈಗ ವರ್ಷಕ್ಕೆ ಒಂದೆರಡು ಕಡಿಮೆಯಾಗುತ್ತಿವೆ.

ಕೆಲವು ಮನೆಗಳಲ್ಲಿ ತಗಡಿನ ಪೆಟ್ಟಿಗೆ ಇದೆ. ಕಪ್ಪು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಹೆಸರು, ಊರು, ಕೊನೆಗೆ ‘ಎಸ್.ಕೆ.’ ಅಂತ ಬರೆದಿರುತ್ತದೆ. ಸೌತ್ ಕೆನರಾ. ಆ ಹೆಸರಿನ ಜಿಲ್ಲೆ ಈಗ ಇಲ್ಲ, ಉಡುಪಿಯೂ 1997ರಲ್ಲಿ ಬೇರೆ ಜಿಲ್ಲೆಯಾಯಿತು. ಪೆಟ್ಟಿಗೆಯಲ್ಲಿ ಊರಿನಿಂದ ಬಸ್ಸಿನಲ್ಲಿ ತರಿಸಿದ ಕುಚ್ಚಲಕ್ಕಿ ತುಂಬಿಟ್ಟಿದ್ದಾರೆ.