ವರ್ಷಗಳಿಗೆ ಸಂದ ಪದಕ

ಶೌರ್ಯಪದಕಕ್ಕಿರುವ ಮರ್ಯಾದೆ ದೀರ್ಘಸೇವಾ ಪದಕಕ್ಕಿಲ್ಲ ಎನ್ನುವವರುಂಟು. ಹಾಸನ ಸೀಮೆಯ ಇತಿಹಾಸ ಬಲ್ಲವರು ಇದನ್ನು ಒಪ್ಪಲಾರರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಎಡಗಾಲಿಗೆ ತೊಡರು ಎಂಬ ಕಾಲ್ಬಳೆ ತೊಟ್ಟಿದ್ದನೆಂದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗರುಡಗಂಬದ ಶಾಸನ ಹೇಳುತ್ತದೆ. ದೊರೆಯೊಡನೆ ಬಾಳಿ ದೊರೆಯೊಡನೆಯೇ ಸಾಯುವ ಪಣದ ಗುರುತು ಅದು. ಕತ್ತಿ ಹಿಡಿದು ತಮ್ಮ ತಲೆಯನ್ನೇ ಕೊಯ್ದುಕೊಳ್ಳುವ ವೀರರು ಆ ಕಂಬದ ಮೇಲೆ ಇಂದಿಗೂ ಕಾಣುತ್ತಾರೆ. ಅಲ್ಲಿ ಸೇವೆಯ ಅವಧಿ ಎಂದರೆ ಇಡೀ ಆಯುಷ್ಯ. ಶತಮಾನಗಳ ನಂತರ, ಯುರೋಪಿನ ಪ್ರಷ್ಯದ ದೊರೆ ಮೂರನೇ ಫ್ರೆಡರಿಕ್ ವಿಲ್‌ಹೆಲ್ಮ್ 1825ರಲ್ಲಿ ಸಿಪಾಯಿಗಳಿಗೆ 9, 15, 21 ವರ್ಷಗಳ ಸೇವೆಯ ಗುರುತಾಗಿ ಬಕಲ್ ಕೊಡತೊಡಗಿದಾಗ ನಿಷ್ಠೆಯನ್ನು ಸಾವಿನಿಂದಲ್ಲ, ದುಡಿದ ವರ್ಷಗಳಿಂದ ಅಳೆದ. ಇದು ದೊಡ್ಡ ಬದಲಾವಣೆಯೇ ಸರಿ.

ಕಾಲ ಕಳೆದರೆ ಯಾರಿಗಾದರೂ ಸಿಗುವ ಪದಕದಲ್ಲಿ ಇತಿಹಾಸವೇನಿದೆ ಎಂಬ ಆಕ್ಷೇಪವುಂಟು. ಆದರೆ ಆ ಪ್ರಷ್ಯನ್ ಬಕಲ್ ಮೇಲಿದ್ದದ್ದು ದೊರೆಯ ಹೆಸರಿನ ಅಕ್ಷರಗಳು. ನಮ್ಮ ಸೇನೆಯ 9, 20, 30 ವರ್ಷಗಳ ಪದಕದ ಅಂಚಿನಲ್ಲಿ ಇರುವುದು ಸೈನಿಕನ ನಂಬರು, ಹೆಸರು. ಶಾಸನದಲ್ಲಿ ಎಡೆ ಸಿಗದ ಸಾಮಾನ್ಯನಿಗೆ ಆ ಅಂಚೇ ದಾಖಲೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಾಜಿ ಸೈನಿಕರ ಮನೆಯವರು ಪದಕ ಮಾರುವ ಮುನ್ನ ಆ ಅಂಚನ್ನು ಓದಲಿ; ಡಿಸ್ಚಾರ್ಜ್ ಬುಕ್, ಫೋಟೊಗಳನ್ನು ಅದರ ಜೊತೆಗೇ ಕಾಪಾಡಲಿ.